ದಕ್ಷಿಣಕ್ಕೆ ತಿರುಗಿದ ಕುರ್ಚಿ

ನಮ್ಮ ಮನೆಯ ಜಗಲಿಯಲ್ಲಿ ಒಂದು ಹಳೆಯ ಬೆತ್ತದ ಕುರ್ಚಿ ಇದೆ. ಅಪ್ಪ ಪ್ರತಿದಿನ ಬೆಳಿಗ್ಗೆ ಅದನ್ನು ದಕ್ಷಿಣಕ್ಕೆ ತಿರುಗಿಸಿಕೊಂಡು ಕೂರುತ್ತಿದ್ದರು. ಅವರು ಎದ್ದು ಒಳಗೆ ಹೋದ ಕೂಡಲೇ ಅಮ್ಮ ಬಂದು ಅದನ್ನು ಪೂರ್ವಕ್ಕೆ ತಿರುಗಿಸುತ್ತಿದ್ದರು. ದಕ್ಷಿಣ ಯಮನ ದಿಕ್ಕು, ಮಕ್ಕಳೊಂದಿಗ ಹಾಗೆ ಕೂರಬಾರದು ಎಂಬುದು ಅಮ್ಮನ ವಾದ. ಅಪ್ಪ ವಾದಕ್ಕೆ ಹೋದವರಲ್ಲ. ಮರುದಿನ ಮತ್ತೆ ತಿರುಗಿಸುತ್ತಿದ್ದರು, ಅಷ್ಟೆ. 1973ರಲ್ಲಿ ಅವರು ಸೈನ್ಯದಿಂದ ನಿವೃತ್ತರಾಗಿ ಬಂದಂದಿನಿಂದ 2019ರಲ್ಲಿ ತೀರಿಕೊಳ್ಳುವವರೆಗೆ ಈ ಪಂದ್ಯ ನಡೆಯಿತು.

ನಮ್ಮೂರು ಗುಂಡ್ಲುಪೇಟೆಯ ಪಕ್ಕದ್ದು. ಮಳೆ ಬಿಟ್ಟ ಬೆಳಿಗ್ಗೆ ದಕ್ಷಿಣಕ್ಕೆ ನೋಡಿದರೆ ಗೋಪಾಲಸ್ವಾಮಿ ಬೆಟ್ಟದ ಎಡಕ್ಕೆ, ಬಂಡೀಪುರದ ಕಾಡಿನಾಚೆ, ಒಂದು ನೀಲಿ ಗೋಡೆ ಕಾಣುತ್ತದೆ. ಅದು ನೀಲಗಿರಿ. ಆ ಗೋಡೆಯ ಆಚೆ ವೆಲಿಂಗ್ಟನ್ ಎಂಬ ದಂಡಿನ ಊರಿದೆ. ಮದ್ರಾಸ್ ರೆಜಿಮೆಂಟಿನ ಕೇಂದ್ರ ಇರುವುದು ಅಲ್ಲಿಯೇ. ಅಪ್ಪ 1956ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ರಂಗರೂಟನಾಗಿ ಹೋಗಿ ತಲುಪಿದ್ದು ಅಲ್ಲಿಗೆ. ಸೇವೆಯ ಕೊನೆಯ ಮೂರು ವರ್ಷ ಹೊಸಬರಿಗೆ ಕವಾಯತು ಕಲಿಸುವ ಉಸ್ತಾದನಾಗಿ ಇದ್ದದ್ದೂ ಅಲ್ಲಿಯೇ. ಇಷ್ಟು ನನಗೆ ಗೊತ್ತಿತ್ತು. ಮೂವತ್ತು ವರ್ಷಗಳಿಂದ ಮಕ್ಕಳಿಗೆ ‘ಗಮನಿಸಿ, ನಂತರ ತೀರ್ಮಾನಿಸಿ’ ಎಂದು ವಿಜ್ಞಾನ ಪಾಠ ಹೇಳುತ್ತಿರುವ ನನಗೆ ಕುರ್ಚಿಗೂ ಬೆಟ್ಟಕ್ಕೂ ಗೆರೆ ಎಳೆಯಲು ಹೊಳೆಯಲಿಲ್ಲ.

ಅಪ್ಪನ ಕೊನೆಯ ಎರಡು ವರ್ಷ ನೆನಪು ಕೈಕೊಟ್ಟಿತ್ತು. ಸಂಜೆಯಾದರೆ ‘ಮನೆಗೆ ಹೋಗೋಣ’ ಎಂದು ಹಟ ಹಿಡಿಯುತ್ತಿದ್ದರು. ಮನೆಯಲ್ಲೇ ಕೂತು ಮನೆಗೆ ಹೋಗೋಣ ಎನ್ನುವ ಮನುಷ್ಯನನ್ನು ಏನು ಮಾಡುವುದು? ಅವರು ಹುಟ್ಟಿದ ಹಳೆಯ ಮನೆ ಇರಬೇಕೆಂದು ಊರೊಳಗಿನ ಆ ತೊಟ್ಟಿಮನೆಗೆ ಕರೆದುಕೊಂಡು ಹೋದೆವು. ಸುತ್ತ ನೋಡಿ, ‘ಗ್ರೌಂಡ್ ಎಲ್ಲಿ?’ ಎಂದು ಕೇಳಿದರು. ನಾವು ನಕ್ಕೆವು. ಏಪ್ರಿಲ್ ತಿಂಗಳ ಉರಿಯಲ್ಲಿ ‘ಚಳಿ, ಕೋಟು ಕೊಡಿ’ ಎಂದರು. ಅದಕ್ಕೂ ನಕ್ಕೆವು. ಎಲ್ಲ ಸಾಕ್ಷ್ಯ ಎದುರಿಗೇ ಇತ್ತು. ಬಸ್ಸಿನಲ್ಲಿ ಐದಾರು ಗಂಟೆಯ ದಾರಿ. ಕರೆದುಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಕಳೆದ ದಸರಾ ರಜೆಯಲ್ಲಿ ಒಬ್ಬನೇ ಹೋಗಿ ಬಂದೆ. ಈ ಬರಹ ಅದರ ವರದಿ.

ನಾನು ಫುಟ್‌ಬಾಲ್ ಹುಚ್ಚಿನವನು ಎಂದು ಮೊದಲೇ ಹೇಳಿಬಿಡಬೇಕು. ಕ್ರಿಕೆಟ್ಟಿನ ಊರಿನಲ್ಲಿ ಈ ಹುಚ್ಚು ಹತ್ತಿಸಿದವರು ಅಪ್ಪನೇ. ಅವರು ಟ್ರಂಕಿನಲ್ಲಿ ತಂದಿದ್ದ ಚೆಂಡು ಈಗಿನಂಥದ್ದಲ್ಲ. ತೊಗಲಿನ ಪಟ್ಟಿಗಳನ್ನು ಹೊಲಿದು, ಒಳಗೆ ರಬ್ಬರಿನ ಬ್ಲಾಡರ್ ಇಟ್ಟು, ಬಾಯಿಗೆ ಬೂಟಿನಂತೆ ಲಾಡಿ ಕಟ್ಟುವ ಚೆಂಡು. ಮಳೆಯಲ್ಲಿ ನೀರು ಕುಡಿದು ಕಲ್ಲಾಗುತ್ತಿತ್ತು. ಅದಕ್ಕೇ ಅಪ್ಪ ಹರಳೆಣ್ಣೆ ಸವರುತ್ತಿದ್ದರು. ಲಾಡಿಯ ಗಂಟು ಹಣೆಗೆ ಬಡಿದು ಆದ ಗಾಯದ ಗುರುತು ಅವರ ಎಡಹುಬ್ಬಿನ ಮೇಲಿತ್ತು. ಯುದ್ಧದ ಗಾಯವೆಂದು ಊರವರು ತಿಳಿದಿದ್ದರು. ಅವರೂ ತಿದ್ದಲು ಹೋಗಲಿಲ್ಲ.

1965ರಲ್ಲಿ ಗಡಿಯಲ್ಲಿದ್ದವರು. ಆ ಬಗ್ಗೆ ಕೇಳಿದರೆ ‘ಏನೋ ಆಯ್ತು’ ಎನ್ನುತ್ತಿದ್ದರು. ಆದರೆ ಪೀಟರ್ ತಂಗರಾಜ್ ಬಗ್ಗೆ ಕೇಳಿದರೆ ಅನ್ನದ ತಟ್ಟೆ ಆರಿಹೋಗುವವರೆಗೆ ಮಾತು. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ತಂಗರಾಜ್ ಹೈದರಾಬಾದಿನ ಕಡೆಯವರು, ಮದ್ರಾಸ್ ರೆಜಿಮೆಂಟಿನ ಸೈನಿಕ, ಭಾರತ ಕಂಡ ಬಹು ದೊಡ್ಡ ಗೋಲ್‌ಕೀಪರ್. ಮದ್ರಾಸ್ ರೆಜಿಮೆಂಟಲ್ ಸೆಂಟರ್ ತಂಡ 1955 ಮತ್ತು 1958ರಲ್ಲಿ ಡುರಾಂಡ್ ಕಪ್ ಗೆದ್ದಿತು, ಎರಡೂ ಸಲ ಅವರಿದ್ದರು. 1956ರ ಮೆಲ್ಬರ್ನ್, 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿ ಇದ್ದರು. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ, ನಮ್ಮ ತಂಡವನ್ನು ಕಂಡರೆ ಕೂಗಿ ಹೀಯಾಳಿಸುತ್ತಿದ್ದ ಜನಸ್ತೋಮದ ನಡುವೆ, ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಾಗ ಗೋಲಿನಲ್ಲಿದ್ದವರು ಅವರೇ. ನಮ್ಮ ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು ಎಂಬುದನ್ನೂ ಇಲ್ಲಿ ಸೇರಿಸಬೇಕು. ತಂಗರಾಜ್‌ಗೆ 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. 2008ರಲ್ಲಿ ಬೊಕಾರೊದಲ್ಲಿ ತೀರಿಕೊಂಡರು.

ಅಪ್ಪನ ಇಡೀ ಜೀವಮಾನದ ಹೆಮ್ಮೆಯೆಂದರೆ, ಆರು ಅಡಿಗಿಂತ ಎತ್ತರದ ಆ ಮನುಷ್ಯ ಅಭ್ಯಾಸ ಮಾಡುವಾಗ ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿಕೊಟ್ಟದ್ದು. ‘ಹೆಕ್ಕಿಕೊಟ್ಟದ್ದು ಬಹಳ ಕಡಿಮೆ. ಹಿಂದಕ್ಕೆ ಬಂದರೆ ತಾನೆ?’ ಎನ್ನುತ್ತಿದ್ದರು.

ಈಗ ದಾರಿಯ ಮಾತು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಹೆದ್ದಾರಿಯಲ್ಲಿ ವಾಹನ ನಿಷೇಧ 2009ರಲ್ಲಿ ಬಂದದ್ದು ಓದುಗರಿಗೆ ಗೊತ್ತೇ ಇದೆ. ಗೇಟು ತೆರೆದ ಮೇಲೆ ಬಂದ ಊಟಿ ಬಸ್ಸನ್ನು ಗುಂಡ್ಲುಪೇಟೆಯಲ್ಲಿ ಹತ್ತಿದೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಪ್ರವಾಸಿಗಳ ವಾಹನಗಳಿಗೆ ಇ-ಪಾಸ್ ನಿಯಮ ಬಂದಿದೆ. ಸರ್ಕಾರಿ ಬಸ್ಸಿನ ಬಡಪಾಯಿಗಳಿಗೆ ಆ ತಾಪತ್ರಯವಿಲ್ಲ. ತೆಪ್ಪಕಾಡು ದಾಟಿ ಗೂಡಲೂರು ತಲುಪಿದ ಮೇಲೆ ಬಸ್ಸು ಏರತೊಡಗುತ್ತದೆ. ನಡುವಟ್ಟಂ ಬರುವಷ್ಟರಲ್ಲಿ ಕಿವಿ ಕಟ್ಟುತ್ತದೆ. ಊಟಿಯ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ, ಅವರಿಗೇ ಬಿಡುತ್ತೇನೆ.

ಊಟಿಯಿಂದ ಕೂನೂರಿಗೆ ಪುಟ್ಟ ರೈಲು ಹಿಡಿದೆ. ಹಲ್ಲಿನ ಹಳಿಯ ಸೋಜಿಗ ಇರುವುದು ಕೂನೂರಿನಿಂದ ಕೆಳಕ್ಕೆ, ಕಲ್ಲಾರಿನವರೆಗೆ. ಅಲ್ಲಿ 12 ಅಡಿ ಮುಂದೆ ಹೋದರೆ 1 ಅಡಿ ಏರು. ಮೇಲಿನ ಭಾಗದಲ್ಲಿ ಸಾಧಾರಣ ಹಳಿ, ಡೀಸೆಲ್ ಎಂಜಿನ್ನು. ಲವ್‌ಡೇಲ್, ಕೇತಿ ಕಳೆದು ಅರವಂಕಾಡು ಬಂತು. ಇಲ್ಲಿ ನೂರು ವರ್ಷ ದಾಟಿದ ಕಾರ್ಡೈಟ್ ಕಾರ್ಖಾನೆ ಇದೆ. ನೈಟ್ರೋಗ್ಲಿಸರಿನ್, ನೈಟ್ರೋಸೆಲ್ಯುಲೋಸ್ ಬೆರೆಸಿ ಮಾಡುವ ಹೊಗೆ ಬಾರದ ಮದ್ದು ಅದು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಇದನ್ನು ವಿವರಿಸಲು ಬಾಯಿ ತೆರೆದೆ, ಅವನು ಕಿವಿಗೆ ತಂತಿ ಸಿಕ್ಕಿಸಿಕೊಂಡ. ಮೇಷ್ಟರ ರೋಗ ರಜೆಯಲ್ಲೂ ಬಿಡುವುದಿಲ್ಲ. ಮುಂದಿನ ನಿಲ್ದಾಣವೇ ವೆಲಿಂಗ್ಟನ್.

ಬಹಳಷ್ಟು ಜನರಿಗೆ ಈ ಹೆಸರು ನೆನಪಿರುವುದು 2021ರ ಡಿಸೆಂಬರ್ 8ರಿಂದ. ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಕೂನೂರಿನ ಬಳಿ ಬಿದ್ದಾಗ ಅವರು ಹೊರಟಿದ್ದದ್ದು ಇಲ್ಲಿನ ಸ್ಟಾಫ್ ಕಾಲೇಜಿಗೆ. ಆದರೆ ಊರಿನ ಹಳೆಯ ಹೆಸರು ವೆಲಿಂಗ್ಟನ್ ಅಲ್ಲ, ಜಕತಳ. ಬಡಗರ ಹಟ್ಟಿಯ ಹೆಸರು. ಬ್ರಿಟಿಷರು 1850ರ ದಶಕದಲ್ಲಿ ಬ್ಯಾರಕ್ಕು ಕಟ್ಟಿ, ನಂತರ ವೆಲಿಂಗ್ಟನ್ ಡ್ಯೂಕನ ಹೆಸರಿಟ್ಟರು. ಆ ಡ್ಯೂಕ್ ನಮಗೆ ಅಪರಿಚಿತನೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಅವನು. 1803ರ ಅಸ್ಸಾಯೆ ಯುದ್ಧದಲ್ಲಿ ಅವನ ಕೆಳಗೆ ಹೋರಾಡಿದ ಮದ್ರಾಸ್ ಸಿಪಾಯಿಗಳಿಗೆ ಸಿಕ್ಕ ಆನೆಯ ಗುರುತು ಇವತ್ತಿಗೂ ರೆಜಿಮೆಂಟಿನ ಲಾಂಛನದಲ್ಲಿದೆ. ವಾಟರ್ಲೂ ಯುದ್ಧವನ್ನು ಗೆದ್ದದ್ದು ಶಾಲೆಯ ಆಟದ ಮೈದಾನದಲ್ಲಿ ಎಂಬ ಮಾತನ್ನು ಇವನ ಬಾಯಿಗೆ ತುರುಕಿದ್ದಾರೆ. ಅವನು ಹಾಗೆ ಅಂದಿರುವುದು ಅನುಮಾನ. ಯುದ್ಧ ಗೆಲ್ಲಿಸುತ್ತದೋ ಇಲ್ಲವೋ, ಮೈದಾನವಿಲ್ಲದ ದಂಡು ಮಾತ್ರ ಇರಲಾರದು. ಭಾರತದಲ್ಲಿ ಫುಟ್‌ಬಾಲ್ ಬೇರೂರಿದ್ದರಲ್ಲಿ ಪಲ್ಟನ್ನುಗಳ ಪಾಲು ದೊಡ್ಡದು. ಡುರಾಂಡ್ ಕಪ್ 1888ರಲ್ಲಿ ಸಿಮ್ಲಾದಲ್ಲಿ ಶುರುವಾದದ್ದೇ ಸೈನಿಕರಿಗಾಗಿ. ಭಾರತೀಯ ತಂಡವೊಂದು ಅದನ್ನು ಗೆಲ್ಲಲು 1940ರವರೆಗೆ ಕಾಯಬೇಕಾಯಿತು. ಅದೇ ಕಪ್ಪು 2022ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದಾಗ ಟಿವಿಯ ಮುಂದೆ ನಾನೊಬ್ಬನೇ ಎದ್ದು ನಿಂತೆ. ಅಪ್ಪ ಇದ್ದಿದ್ದರೆ ಇಬ್ಬರು.

ಸೈನ್ಯದಲ್ಲಿ ಆಟ ಯಾಕೆ ಎಂದು ಒಮ್ಮೆ ಅಪ್ಪನನ್ನು ಕೇಳಿದ್ದೆ. ಶಿಸ್ತು, ಒಗ್ಗಟ್ಟು ಎಂದೆಲ್ಲ ಹೇಳುತ್ತಾರೆ ಅಂದುಕೊಂಡಿದ್ದೆ. ‘ಬನಿಯನ್ ಮೇಲೆ ಸ್ಟಾರ್ ಇರಲ್ಲ’ ಎಂದರು. ವರ್ಷದ ಮುನ್ನೂರು ದಿನ ಸಲಾಮು ಹೊಡೆಯುವ ಕ್ಯಾಪ್ಟನ್ನನ ಕಾಲಿನಿಂದ ಸಿಪಾಯಿಯೊಬ್ಬ ಚೆಂಡು ಕಿತ್ತುಕೊಳ್ಳಬಹುದು, ಕೆಸರಿಗೆ ಬೀಳಿಸಬಹುದು, ಕೈಕೊಟ್ಟು ಎಬ್ಬಿಸಬಹುದು. ಸೀಟಿ ಊದಿದ ಮೇಲೆ ಮತ್ತೆ ಸಲಾಮು. ಆ ತೊಂಬತ್ತು ನಿಮಿಷ ಇಲ್ಲದಿದ್ದರೆ ಉಳಿದದ್ದನ್ನು ತಡೆದುಕೊಳ್ಳುವುದು ಕಷ್ಟವೆಂದು ಅವರ ಅಭಿಪ್ರಾಯ.

ಭಾನುವಾರ ಬೆಳಿಗ್ಗೆ ಕೂನೂರಿನ ಲಾಡ್ಜಿನಿಂದ ನಡೆದೇ ವೆಲಿಂಗ್ಟನ್ನಿಗೆ ಬಂದೆ. ಕೆಂಪು ಮತ್ತು ಬಿಳಿಯ ಉದ್ದುದ್ದ ಕಟ್ಟಡಗಳು, ಸುಣ್ಣ ಬಳಿದ ಕಲ್ಲುಗಳು. ಗುಡ್ಡವನ್ನೂ ಸಾಲಿನಲ್ಲಿ ನಿಲ್ಲಿಸಿದಂತೆ ಚೊಕ್ಕಟ. ಮುಖ್ಯ ಬ್ಯಾರಕ್ಕಿಗೆ ಈಗ ಶ್ರೀನಾಗೇಶ್ ಬ್ಯಾರಕ್ಸ್ ಎಂದು ಹೆಸರು, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶರ ನೆನಪಿಗೆ. ಪರವಾನಗಿ ಇಲ್ಲದೆ ಒಳಗೆ ಬಿಡುವುದಿಲ್ಲ. ಬಿಡಬಾರದು ಕೂಡ. ಬ್ಲಾಕ್ ಬ್ರಿಡ್ಜ್ ಬಳಿಯ ಯುದ್ಧ ಸ್ಮಾರಕದ ಮುಂದೆ ಸ್ವಲ್ಪ ಹೊತ್ತು ನಿಂತೆ. 1758ರಿಂದ ಲೆಕ್ಕ ಹಾಕುವ ರೆಜಿಮೆಂಟು. ದಕ್ಷಿಣದ ಎಲ್ಲ ರಾಜ್ಯಗಳ ಹುಡುಗರು ಇಲ್ಲಿಗೆ ಬರುತ್ತಾರೆ. ‘ವೀರ ಮದ್ರಾಸಿ, ಅಡಿ ಕೊಲ್ಲು’ ಎಂಬುದು ಅವರ ರಣಘೋಷ. ತಮಿಳು, ಮಲಯಾಳದಲ್ಲಿ ‘ಅಡಿ’ ಎಂದರೆ ಹೊಡೆ. ಕನ್ನಡದಲ್ಲಿ ಪಾದ. ಫುಟ್‌ಬಾಲಿನವರಿಗೆ ಕನ್ನಡದ ಅರ್ಥವೇ ಹೆಚ್ಚು ಹೊಂದುತ್ತದೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು.

ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ ಹೋದೆ. ಅಂಗಡಿಯ ಅಜ್ಜ ಬಡಗ. ಅವನ ಮಾತು ಅರ್ಧ ಕನ್ನಡದಂತೆ ಕೇಳಿ, ಹಿಡಿಯಹೋದರೆ ತಪ್ಪಿಸಿಕೊಳ್ಳುವ ಮಾತು. ಅವರ ಹಿರಿಯರು ಶತಮಾನಗಳ ಹಿಂದೆ ನಮ್ಮ ಕಡೆಯಿಂದಲೇ ಗುಡ್ಡ ಹತ್ತಿದವರು ಎಂದು ಅವರ ಐತಿಹ್ಯ ಹೇಳುತ್ತದೆ. ಗುಂಡ್ಲುಪೇಟೆ ಎಂದಾಗ ಅಜ್ಜ ನಕ್ಕು ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದ. ಚಹಾ ಕುದಿಯುತ್ತಿತ್ತು, ಆದರೆ ನಮ್ಮೂರಿನಷ್ಟು ಬಿಸಿ ಇರಲಿಲ್ಲ. ಇಲ್ಲಿಯ ಎತ್ತರ ಸುಮಾರು 1,850 ಮೀಟರ್, ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ‘ಅಲ್ಲಿ ಚಹಾ ಗಟಗಟ ಕುಡಿಯಬಹುದು’ ಎಂದು ಅಪ್ಪ ಹೇಳುತ್ತಿದ್ದುದರಲ್ಲಿ ಸ್ವಲ್ಪ ಭೌತಶಾಸ್ತ್ರ, ಉಳಿದದ್ದು ಬಡಾಯಿ; ಅಷ್ಟು ಬಿಸಿಯೂ ನಾಲಿಗೆ ಸುಡುತ್ತದೆ. ಅಲ್ಲಿ ತಾವು ಒದ್ದ ಚೆಂಡು ಊರಿನಲ್ಲಿ ಒದ್ದದ್ದಕ್ಕಿಂತ ದೂರ ಹೋಗುತ್ತಿತ್ತು ಎಂದೂ ಹೇಳುತ್ತಿದ್ದರು. ಅದರಲ್ಲೂ ಸ್ವಲ್ಪ ನಿಜವಿದೆ: ಗಾಳಿ ಸಮುದ್ರಮಟ್ಟದ್ದಕ್ಕಿಂತ ಸುಮಾರು ಆರನೆಯ ಒಂದು ಪಾಲು ತೆಳು. ಇನ್ನೊಂದು ಕಾರಣ, ಅಲ್ಲಿ ಅವರ ವಯಸ್ಸು ಇಪ್ಪತ್ತು.

ಬೆಂಚಿನ ಇನ್ನೊಂದು ತುದಿಯಲ್ಲಿ ತಲೆ ಸಣ್ಣಗೆ ಕತ್ತರಿಸಿಕೊಂಡ ಇಬ್ಬರು ಹುಡುಗರು ಬನ್ನು ತಿನ್ನುತ್ತಿದ್ದರು. ಭಾನುವಾರದ ಬಿಡುವು. ನಾನು ಅಜ್ಜನೊಡನೆ ಕನ್ನಡದಲ್ಲಿ ತಡವರಿಸುತ್ತಿದ್ದುದನ್ನು ಕೇಳಿ ಒಬ್ಬ, ‘ಸಾರ್ ಕರ್ನಾಟಕನಾ?’ ಎಂದ. ಹಾಸನ ಜಿಲ್ಲೆಯ ಹುಡುಗ. ಅಗ್ನಿವೀರನಾಗಿ ಸೇರಿದವನು. 2022ರಲ್ಲಿ ಬಂದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಉಳಿಸಿಕೊಳ್ಳುತ್ತಾರೆ, ಉಳಿದವರು ಇಡಿಗಂಟು ಹಿಡಿದು ಹೊರಗೆ. ಅಪ್ಪ ಹದಿನೇಳು ವರ್ಷ ಇದ್ದರು ಎಂದಾಗ ಅವನು ಬನ್ನು ಕೆಳಗಿಟ್ಟ.

‘ಮನೆಯ ನೆನಪಾಗುತ್ತಾ?’ ಎಂದು ಕೇಳಿದೆ. ಮೇಷ್ಟರು ಕೇಳುವ ಪೆದ್ದು ಪ್ರಶ್ನೆ.

‘ದಿನಾ ವಿಡಿಯೋ ಕಾಲ್ ಮಾಡ್ತೀನಿ ಸಾರ್. ಹಸು ಕರು ಹಾಕಿದ್ದೂ ಫೋನಿನಲ್ಲೇ ನೋಡ್ದೆ.’ ಸ್ವಲ್ಪ ಸುಮ್ಮನಿದ್ದು, ‘ಆದ್ರೆ ರಜೆಗೆ ಹೋದ್ರೆ ಹತ್ತನೇ ದಿನಕ್ಕೆ ವಾಪಸ್ ಬರೋಣ ಅನ್ಸತ್ತೆ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರ ಆಗತ್ತೆ, ಏನ್ ಮಾಡೋದು ಗೊತ್ತಾಗಲ್ಲ. ಅಮ್ಮನಿಗೆ ಇದನ್ನ ಹೇಳೋಕಾಗಲ್ಲ’ ಎಂದ.

ನಾನು ಚಹಾದ ಲೋಟ ನೋಡುತ್ತ ಕೂತೆ. ನಮ್ಮ ಮನೆಯಲ್ಲೂ ನಾಲ್ಕೂವರೆಗೆ ದೀಪ ಹತ್ತುತ್ತಿತ್ತು. ಅಪ್ಪ ಕಂಬಳಿಯನ್ನು ಮೂಲೆಮಟ್ಟ ಇಟ್ಟಂತೆ ಮಡಿಸಿ, ಗಡ್ಡ ಹೆರೆದು, ಬೂಟು ಒರೆಸಿ, ಆಮೇಲೆ ಏನೂ ಕೆಲಸವಿಲ್ಲದೆ ಬೆಳಕಾಗುವುದನ್ನೇ ಕಾಯುತ್ತಿದ್ದರು. ಗದ್ದೆಯ ಕೆಲಸ ಅವರಿಗೆ ಬರುತ್ತಿರಲಿಲ್ಲ. ಹದಿನೆಂಟಕ್ಕೆ ಹೋದವರು ಕಲಿಯುವುದು ಯಾವಾಗ? ಆಳುಗಳು ಹಿಂದಿನಿಂದ ನಗುತ್ತಿದ್ದರು. ನಮಗೆ ಅವರು ವರ್ಷಕ್ಕೆ ಎರಡು ತಿಂಗಳು ಬರುವ ನೆಂಟರಾಗಿದ್ದರು, ಆಮೇಲೆ ಹೋಗದೇ ಉಳಿದ ನೆಂಟರಾದರು. ಸೈನ್ಯದಲ್ಲಿದ್ದಾಗ ಅವರಿಗೆ ಅಮ್ಮ ಬರೆಸುತ್ತಿದ್ದ ಕಾಗದಗಳ ಮೇಲೆ ನಂಬರು, ಹೆಸರು, ಪಲ್ಟನ್ನು, ಕೊನೆಗೆ ‘56 ಎಪಿಒ’. ಊರಿನ ಹೆಸರೇ ಇಲ್ಲದ ವಿಳಾಸ. ‘ಇವರು ಯಾವ ಊರಲ್ಲೂ ಇಲ್ಲವೇನೋ’ ಎಂದು ಅಮ್ಮ ಅಂದುಕೊಳ್ಳುತ್ತಿದ್ದರಂತೆ. ವೆಲಿಂಗ್ಟನ್ ಒಂದಕ್ಕೇ ಊರಿನ ಹೆಸರಿತ್ತು. ಅಲ್ಲಿ ಸಂಸಾರಕ್ಕೆ ಮನೆ ಸಿಗುವ ಕಾಲಕ್ಕೆ ಅಜ್ಜಿ ಹಾಸಿಗೆ ಹಿಡಿದಿದ್ದರು. ಅಮ್ಮ ಹೋಗಲಿಲ್ಲ.

ಕೂನೂರಿನಲ್ಲಿ ಇನ್ನೊಬ್ಬ ಸೈನಿಕನ ಮನೆ ಇತ್ತು. ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಹುಟ್ಟಿದ್ದು ಅಮೃತಸರದಲ್ಲಿ. ಸ್ಟಾಫ್ ಕಾಲೇಜಿನ ಮುಖ್ಯಸ್ಥರಾಗಿ ವೆಲಿಂಗ್ಟನ್ನಿನಲ್ಲಿದ್ದರು. 1973ರಲ್ಲಿ ನಿವೃತ್ತರಾದಾಗ ಕೂನೂರಿನಲ್ಲೇ ನೆಲೆಸಿದರು, 2008ರ ಜೂನ್ 27ರಂದು ವೆಲಿಂಗ್ಟನ್ನಿನ ಮಿಲಿಟರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಪ್ಪ ನಿವೃತ್ತರಾದದ್ದೂ 1973ರಲ್ಲೇ. ಫೀಲ್ಡ್ ಮಾರ್ಷಲ್ ಆದವರು ತಮಗೆ ಬೇಕಾದ ಕಡೆ ಮನೆ ಮಾಡಬಹುದು. ಹವಾಲ್ದಾರನಿಗೆ ಮೂರು ಎಕರೆ ಖುಷ್ಕಿ, ಹಾಸಿಗೆ ಹಿಡಿದ ತಾಯಿ, ಮೂರು ವರ್ಷದ ಮಗ ಇದ್ದ ಕಡೆಗೆ ಬರಬೇಕಾಗುತ್ತದೆ. ಬಂದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ಆ ಮೂರು ವರ್ಷದ ಮಗ ನಾನೇ ಆದ್ದರಿಂದ ಗಂಟಲಲ್ಲಿ ಏನೋ ಸಿಕ್ಕಿದಂತಾಯಿತು.

ಹಾಸನದ ಹುಡುಗ, ‘ಮ್ಯಾಚ್ ನೋಡ್ತೀರಾ ಸಾರ್? ರಸ್ತೆಯಿಂದಾನೇ ಕಾಣತ್ತೆ’ ಎಂದು ಸ್ವಲ್ಪ ದೂರ ಕರೆದುಕೊಂಡು ಹೋದ. ತಿರುವಿನಲ್ಲಿ ನಿಂತರೆ ಕೆಳಗೆ ಹಸಿರು ಮೈದಾನ. ಐಪ್ಪಸಿ ತಿಂಗಳ ಜಿಟಿಜಿಟಿ ಮಳೆ. ಮಂಜು ಒಂದು ಗೋಲಿನ ಕಂಬದಿಂದ ಹೊರಟು ಇನ್ನೊಂದರವರೆಗೆ ಬಂದು ನಿಲ್ಲುತ್ತಿತ್ತು. ಆಟ ಅಂಥದ್ದೇನಲ್ಲ. ಎತ್ತಿ ಒದ್ದು ಹಿಂದೆ ಓಡುವ ಪಲ್ಟನ್ನಿನ ಆಟ. ನನ್ನಂಥವನು ಟಿವಿಯಲ್ಲಿ ನೋಡಿ ಅಭ್ಯಾಸವಾದ ನಯ ಇಲ್ಲ. ಆದರೆ ಬಿದ್ದವನು ಒಂದು ಕ್ಷಣವೂ ಬಿದ್ದಿರುತ್ತಿರಲಿಲ್ಲ. ಎದುರಾಳಿಯೇ ಕೈಕೊಟ್ಟು ಎಬ್ಬಿಸುತ್ತಿದ್ದ. ಒಬ್ಬ ಎತ್ತರದ ಗೋಲ್‌ಕೀಪರ್ ಚೆಂಡು ಹಿಡಿದಾಗಲೆಲ್ಲ ಅದನ್ನು ಎರಡು ಸಲ ನೆಲಕ್ಕೆ ಬಡಿದು ನೋಡುತ್ತಿದ್ದ. ಗೋಲಿನ ಹಿಂದೆ ಹಸಿರು ಸ್ವೆಟರಿನ ಹೊಸ ಹುಡುಗನೊಬ್ಬ ಚೆಂಡು ಹೆಕ್ಕಲು ನಿಂತಿದ್ದ.

ಇದೇ ಮೈದಾನವೋ, ಬೇರೆಯದೋ ನನಗೆ ಗೊತ್ತಾಗುವ ಬಗೆಯಿಲ್ಲ. ಕೊಡೆ ಹಿಡಿದು ಒಂದು ಗಂಟೆ ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗನ ಫೋನು ಬಡಿದುಕೊಂಡಿತು. ಅವನು ಪರದೆಯನ್ನು ಮೈದಾನದ ಕಡೆ ತಿರುಗಿಸಿ, ‘ನೋಡಮ್ಮ, ಇದೇ ಗ್ರೌಂಡು’ ಎಂದು ಅವನ ತಾಯಿಗೆ ತೋರಿಸಿದ. ಆ ಕಡೆಯಿಂದ ಕೇಳಿಸಿದ್ದು, ‘ಮಳೇಲಿ ನೆನೀತಿದೀಯಲ್ಲೋ’ ಎಂಬ ಮಾತೊಂದೇ.

ಬಂಡೀಪುರದ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ. ನಾನು ಹೊರಟಾಗ ಆಟ 1-1. ಊಟಿಯಲ್ಲಿ ಬಸ್ಸು ಬದಲಿಸುವ ಮೊದಲು ಒಂದು ಪೊಟ್ಟಣ ವರ್ಕಿ ಕಟ್ಟಿಸಿಕೊಂಡೆ. ಮನೆ ಮುಟ್ಟಿದಾಗ ಅಮ್ಮ ಇನ್ನೂ ಮಲಗಿರಲಿಲ್ಲ. ಚಳಿ ಹೇಗಿತ್ತು, ಊಟ ಎಲ್ಲಿ ಮಾಡಿದೆ ಎಂದು ಕೇಳಿದರು. ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ದಾರ ಬಿಚ್ಚುತ್ತ, ನನ್ನ ಮುಖ ನೋಡದೆ ಇನ್ನೊಂದು ಪ್ರಶ್ನೆ ಕೇಳಿದರು.

‘ಆ ಗ್ರೌಂಡು ಎಷ್ಟು ದೊಡ್ಡದದೆ?’

‘ನಮ್ಮ ಜಗಲಿಯಿಂದ ಹಾಲಿನ ಡೈರಿಯವರೆಗೆ ಇರಬಹುದು’ ಎಂದೆ.

‘ಅಷ್ಟು ದೊಡ್ಡದಾ’ ಎಂದು ಅಮ್ಮ ವರ್ಕಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.